ಸ್ಪೀಕರ್ ಭಾಯ್ ಅವರ ಕಿವಿ

ಭಾಯ್ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಗುತ್ತಲದ ಬಸ್ಸಿನಲ್ಲಿ, ಟಿಕೆಟ್ ಹರಿಯುತ್ತಿರುವಾಗ. ಅಂದು ಸಂತೆ. ಹಿಂದಿನ ಬಾಗಿಲಿಗೆ ಜನ ಜೋತುಬಿದ್ದಿದ್ದರು. ಯಾರದೋ ಕೋಳಿ ಯಾರದೋ ಕಾಲಡಿ ಸಿಕ್ಕಿ ಅರಚುತ್ತಿತ್ತು. ರಾಣೆಬೆನ್ನೂರಿನ ಬೀಜದಂಗಡಿಯ ಸಾಹುಕಾರರು ಕಿಟಕಿ ಪಕ್ಕ ಕೂತಿದ್ದರು. ನನ್ನ ಗುರುತು ಹಿಡಿದು ಕೈ ಹಿಡಿದೆಳೆದರು.

“ಕಂಡಕ್ಟರ್ರ, ನಿಮ್ಮ ಸ್ಪೀಕರ್ ಭಾಯ್ ಹೋದ್ರಲ್ಲ.”

“ಎಲ್ಲಿಗ್ರಿ?” ಅಂದೆ.

“ಎಲ್ಲಿಗೆ ಅಂದ್ರ? ತೀರಿಕೊಂಡ್ರು. ಮಳಿಗಾಲಕ್ಕ ಮೊದಲ. ನಿಮಗ ಯಾರೂ ಹೇಳಲಿಲ್ಲೇನು?”

ಯಾರೂ ಹೇಳಿರಲಿಲ್ಲ. ನನಗೆ ಹಾವೇರಿ ಡಿಪೋಕ್ಕೆ ವರ್ಗವಾದ ಮೇಲೆ ರಾಣೆಬೆನ್ನೂರಿನ ಕಡೆ ಹೋಗುವುದೇ ಕಡಿಮೆಯಾಗಿತ್ತು. ಮುಂದಿನ ಸೀಟಿನ ಹೆಂಗಸು ಚಿಲ್ಲರೆ ಕೇಳುತ್ತಿದ್ದಳು; ಕೊಟ್ಟೆ. ಡ್ರೈವರ್ ಹಾರ್ನ್ ಒತ್ತಿದ, ಸೀಟಿ ಊದಿದೆ. ನಮ್ಮ ಕೆಲಸದಲ್ಲಿ ಒಂದು ಸುದ್ದಿ ಕೇಳಿ ಕುಸಿದು ಕೂಡ್ರಲೂ ಜಾಗ ಇರುವುದಿಲ್ಲ. ಹಾವೇರಿಯಲ್ಲಿ ಜನ ಇಳಿದು ಬಸ್ಸು ಖಾಲಿಯಾದ ಮೇಲೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತೆ. ಆಗ ನೆನಪಾಯಿತು: ಭಾಯ್ ಅವರ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಕರೆದಿಲ್ಲ. ಊರಿಗೆಲ್ಲ ಅವರು ಸ್ಪೀಕರ್ ಭಾಯ್. ನನಗೆ ಬರೀ ಭಾಯ್. ಇಲ್ಲಿಯೂ ಹಾಗೇ ಇರಲಿ.

ಅವರ ಪರಿಚಯವಾದದ್ದೂ ಬಸ್ಸಿನಲ್ಲೇ, ಜಗಳದಿಂದ. ಎಂಬತ್ತರ ದಶಕದ ನಡುವಿನ ಮಾತು. ಬ್ಯಾಡಗಿಯ ಸ್ಟ್ಯಾಂಡಿನಲ್ಲಿ ತೆಳ್ಳಗಿನ ಒಬ್ಬ ಗೃಹಸ್ಥ, ತಲೆಗೆ ಬಿಳಿ ಟೊಪ್ಪಿಗೆ, ಟ್ರಂಕಿನಷ್ಟು ದೊಡ್ಡ ಕಟ್ಟಿಗೆಯ ಪೆಟ್ಟಿಗೆಯನ್ನು ಅಪ್ಪಿಕೊಂಡು ಹತ್ತಿದರು. ಮೇಲೆ ಹಾಕಿಸ್ರಿ ಅಂದೆ. ಆಗುವುದಿಲ್ಲ ಅಂದರು. ದನಿ ಏರಿಸಿದೆ. ಅವರು ಏರಿಸಲಿಲ್ಲ. ಖಾಲಿ ಸೀಟಿನ ಮೇಲೆ ಪೆಟ್ಟಿಗೆಯನ್ನು ಕೂಡ್ರಿಸಿ, ತಾವು ಪಕ್ಕದಲ್ಲಿ ಕಂಬ ಹಿಡಿದು ನಿಂತು ಹೇಳಿದರು:

“ಇದಕ್ಕೊಂದು ಟಿಕೆಟ್ ಕೊಡ್ರಿ, ನನಗೊಂದು ಕೊಡ್ರಿ. ಅದು ಕುಂದರತೈತಿ, ನಾ ನಿಂದರತೇನಿ.”

ಕಾಯಿದೆಯಲ್ಲಿ ಇದಕ್ಕೆ ಏನಿದೆಯೋ ನನಗೆ ಇಂದಿಗೂ ಗೊತ್ತಿಲ್ಲ. ಎರಡು ಟಿಕೆಟ್ ಹರಿದುಕೊಟ್ಟೆ. ಬಸ್ಸು ಹೊರಟು ಗಾಳಿ ಒಳಗೆ ನುಗ್ಗಿದ್ದೇ ತಡ, ಪೆಟ್ಟಿಗೆಯ ಸುತ್ತಲಿನವರೆಲ್ಲ ಸೀನತೊಡಗಿದರು. ಅದು ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಯ ಸ್ಪೀಕರು. ಅವರ ಅಪ್ಪ ಮುಂಬೈಯಿಂದ ತಂದಿದ್ದ ವಿಲಾಯಿತಿ ಮಾಲು. ವರ್ಷಗಟ್ಟಲೆ ಅಡತಿ ಅಂಗಡಿಯ ಮಾಳಿಗೆಯ ಮೇಲಿದ್ದು ಅದರ ಹೊಟ್ಟೆಯೆಲ್ಲ ಖಾರದ ಧೂಳು. ರಾಣೆಬೆನ್ನೂರು ಬರುವ ತನಕ ಅರ್ಧ ಬಸ್ಸು ಕಣ್ಣೊರೆಸಿಕೊಳ್ಳುತ್ತಿತ್ತು. ಭಾಯ್ ಮಾತ್ರ ಸೀನಲಿಲ್ಲ. ಇಳಿಯುವಾಗ ನನ್ನ ಕಡೆ ತಿರುಗಿ, “ಸಿಟ್ಟಾಗಬ್ಯಾಡ್ರಿ. ಅಂಗಡಿಗೆ ಬರ್ರಿ, ಚಾ ಕುಡೀರಿ,” ಅಂದರು.

ಹೋದೆ. ಚಹಾಕ್ಕಲ್ಲ. ದಿನವಿಡೀ ಎಂಜಿನ್ನಿನ ಸದ್ದು, ಹಾರ್ನು, ಚಿಲ್ಲರೆಯ ಜಗಳ ಕೇಳಿದ ಮೇಲೆ ಮನೆಗೆ ಹೋಗಿ ಹೆಂಡತಿ-ಮಕ್ಕಳ ಮಾತು ಕೇಳಲೂ ತಾಳ್ಮೆ ಇರುತ್ತಿರಲಿಲ್ಲ. ಬೀಜದಂಗಡಿಗಳ ಹಿಂದಿನ ಓಣಿಯಲ್ಲಿದ್ದ ಭಾಯ್ ಅವರ ಆ ಇಕ್ಕಟ್ಟಾದ ಖೋಲಿಯಲ್ಲಿ ಒಂದು ಸ್ಟೂಲು ನನ್ನದಾಯಿತು. ಹಾಡಿನ ಅಂಗಡಿ ಅಂದುಕೊಂಡು ಹೋದವನಿಗೆ ಅಲ್ಲಿ ಸಿಕ್ಕಿದ್ದು ಬಹಳ ಮಟ್ಟಿಗೆ ಮೌನ. ಭಾಯ್ ಒಂದು ಹಾಡು ಕೇಳಬೇಕಾದರೆ ಮೊದಲು ಫ್ಯಾನು ಆರಿಸುತ್ತಿದ್ದರು, ಬಾಗಿಲು ಮುಂದೆ ಮಾಡುತ್ತಿದ್ದರು, ಒಂದು ಗುಟುಕು ನೀರು ಕುಡಿಯುತ್ತಿದ್ದರು. ಆಮೇಲೆ ರಿಕಾರ್ಡಿನ ಮೇಲೆ ಸೂಜಿ ಇಟ್ಟು, ಸ್ಪೀಕರಿನ ಬಟ್ಟೆಗೆ ಅಂಗೈ ಒಡ್ಡಿ, ತಲೆ ಬಗ್ಗಿಸಿ ಕೂಡ್ರುತ್ತಿದ್ದರು. ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡಿದ ಹಾಗೆ.

ಅವರು ರಿಪೇರಿ ಮಾಡುತ್ತಿದ್ದುದು ಸ್ಪೀಕರಿನಲ್ಲೂ ಮುಖ್ಯವಾಗಿ ಒಂದೇ ವಸ್ತುವನ್ನು. ಅದಕ್ಕೆ ಕ್ರಾಸ್‌ಓವರ್ ಅನ್ನುತ್ತಾರೆ. ಹಲಗೆಯ ಮೇಲೆ ಒಂದೆರಡು ತಾಮ್ರದ ಸುರುಳಿ, ಒಂದೆರಡು ಕೆಪ್ಯಾಸಿಟರ್. ನೋಡಿದರೆ ಏನೂ ಅಲ್ಲ.

“ನಿಮ್ಮ ಸ್ಟ್ಯಾಂಡಿನಾಗ ಕಂಟ್ರೋಲರ್ ಇರತಾನಲ್ಲ, ಹಾವೇರಿ ಗಾಡಿ ಇಲ್ಲಿ, ಗುತ್ತಲ ಗಾಡಿ ಅಲ್ಲಿ ಅಂತ ಹಚ್ಚಾಂವ,” ಎಂದು ನನಗೆ ತಿಳಿಯುವ ಹಾಗೆ ಹೇಳಿದ್ದರು. “ಇದು ಅವನ ಕೆಲಸ ಮಾಡತೈತಿ. ತಬಲಾ, ಡೊಳ್ಳು, ಗಂಡಸರ ದಪ್ಪ ದನಿ ದೊಡ್ಡ ಸ್ಪೀಕರಿಗೆ. ತಾಳ, ಗೆಜ್ಜಿ, ಸಾರಂಗಿ ಸಣ್ಣದಕ್ಕ. ಈ ಕೆಪ್ಯಾಸಿಟರ್ ಒಳಗ ವಯಸ್ಸಾಗಿ ಒಣಗತಾವು ನೋಡ್ರಿ, ಆಗ ಸಣ್ಣದರ ದಾರಿ ಕಟ್ಟತೈತಿ. ಜನ ಹಾಡು ಕೆಟ್ಟೈತಿ ಅಂತಾರ. ಹಾಡು ಕೆಡಂಗಿಲ್ಲರಿ, ದಾರಿ ಕೆಡತೈತಿ.”

ಹುಬ್ಬಳ್ಳಿಗೆ ಹೋಗಿ ಹೊಸ ಜಾತಿಯ ಕೆಪ್ಯಾಸಿಟರ್ ತರುತ್ತಿದ್ದರು. ಗುಜರಿಯಿಂದ ಹಳೇ ಟ್ರಾನ್ಸ್‌ಫಾರ್ಮರ್ ಕೊಂಡು, ಬಿಚ್ಚಿ, ಅದರ ತಾಮ್ರದ ತಂತಿಯಿಂದ ಹೊಸ ಸುರುಳಿ ಸುತ್ತುತ್ತಿದ್ದರು. ಮೊದಲಿದ್ದಷ್ಟೇ ಮಾಡಿಕೊಟ್ಟು ಕೈತೊಳೆದುಕೊಳ್ಳುವವರಲ್ಲ. ಮೊದಲಿಗಿಂತ ಚಲೋ ಮಾಡಬೇಕು ಎಂಬ ಹಟ.

ಈ ಹಟಕ್ಕೆ ಒಮ್ಮೆ ಪೆಟ್ಟೂ ಬಿತ್ತು. ಗುತ್ತಲದ ಒಬ್ಬ ವಿಧವೆ ತಮ್ಮ ಗಂಡ ದಿನಾ ಕೇಳುತ್ತಿದ್ದ ಸ್ಪೀಕರುಗಳನ್ನು ಕಳಿಸಿದ್ದರು. ಭಾಯ್ ಅವನ್ನು ಹೊಸ ಮದುಮಕ್ಕಳ ಹಾಗೆ ತಯಾರು ಮಾಡಿದರು. ತಂಬೂರಿಯ ತಂತಿ ಎಣಿಸಬಹುದು, ಅಷ್ಟು ಸ್ವಚ್ಛ. ಆ ತಾಯಿ ಅಂಗಡಿಗೆ ಬಂದು ಸೆರಗು ಹೊದ್ದು ಕೂತು ಕೇಳಿದರು. ಹಾಡು ಮುಗಿದ ಮೇಲೆ, “ಚಲೋ ಆಗೇತ್ರಿ. ಆದ್ರ ಇದು ನಮ್ಮ ಮನೀದಲ್ಲ,” ಅಂದರು. “ನಮ್ಮವರಿದ್ದಾಗ ಹಾಡು ಒಂದೀಟು ಒಳಮನ್ಯಾಗಿಂದ ಬಂದಂಗ ಬರತಿತ್ತು.”

ಹಳೆಯ ಕೆಪ್ಯಾಸಿಟರುಗಳನ್ನು ಮತ್ತೆ ಹಾಕುವ ಹಾಗಿರಲಿಲ್ಲ. ಅವು ಸತ್ತೇ ಹೋಗಿದ್ದವು. ಭಾಯ್ ಹೊಸವನ್ನೇ ಇಟ್ಟು, ಸಣ್ಣ ಸ್ಪೀಕರಿನ ದಾರಿಗೆ ಒಂದೊಂದೇ ರೆಸಿಸ್ಟರ್ ಸೇರಿಸಿ ತಡೆಯುತ್ತ ಹೋದರು. ಆ ತಾಯಿ ಮತ್ತೆ ಬಂದಾಗ ಕಣ್ಣು ಮುಚ್ಚಿ ಕೇಳಿ, “ಹಾಂ, ಈಗ ಬಂತ್ರಿ,” ಅಂದು ಅತ್ತರು. ಅವರು ಹೋದ ಮೇಲೆ ಭಾಯ್ ಗೋಡೆಗೆ ಒರಗಿ, “ಕಂಡಕ್ಟರ್ರ, ಚಲೋ ಮಾಡೂದು ಸಸಾರ ಐತ್ರಿ. ಚಲೋ ಇದ್ದದ್ದನ್ನ ಬೇಕಂದಷ್ಟೇ ಕೆಡಸೂದು ಐತಲ್ಲ, ಜೀವ ಹೋಗತೈತಿ,” ಎಂದು ನಕ್ಕರು. ದಣಿದ ನಗು. ಅವರ ನಗು ಯಾವಾಗಲೂ ಹಾಗೇ, ಅರ್ಧ ದಾರಿಯಲ್ಲಿ ಕೂತುಬಿಡುವಂಥದು.

ತೊಂಬತ್ತರ ದಶಕ ಬಂತು. ಮನೆ ಮನೆಗೆ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಪೆಟ್ಟಿಗೆಗಳು ಬಂದವು. ಭಾಯ್ ಅವರ ಗಿರಾಕಿಗಳು ಕಡಿಮೆಯಾದರು. ಅದರ ಬಗ್ಗೆ ಅವರು ಗೊಣಗಿದ್ದಿಲ್ಲ. ಆದರೆ ಉಳಿದವರಲ್ಲಿ ಒಬ್ಬೊಬ್ಬರೇ ಸ್ಪೀಕರನ್ನು ಹೊಳ್ಳಿ ತರತೊಡಗಿದರು. ಹಾವೇರಿಯ ವಕೀಲರೊಬ್ಬರು, “ಕಿವ್ಯಾಗ ಸೂಜಿ ಚುಚ್ಚಿದಂಗ ಆಗತೈತಿ ಭಾಯ್,” ಅಂದರು. ಬ್ಯಾಡಗಿಯ ಒಬ್ಬರು, “ಹಾಡಾಕಿ ನಮ್ಮ ಮ್ಯಾಲೆ ಸಿಟ್ಟಾದಂಗ ಕೇಳತೈತಿ,” ಅಂದರು. ನನಗೂ ಹಾಗೇ ಅನಿಸಿತ್ತು.

“ಸ್ವಲ್ಪ ಚುಚ್ಚತೈತಿ ಭಾಯ್,” ಅಂದೆ ಒಂದು ದಿನ.

“ನಿಮ್ಮ ಕಿವಿ ಹಾರ್ನ್ ಕೇಳಿ ಕೇಳಿ ಹಾಳಾಗ್ಯಾವು,” ಅಂದರು. “ಊರ ಮಂದಿದು ಕ್ಯಾಸೆಟ್ ಕೇಳಿ ಹಾಳಾಗ್ಯಾವು. ಯಾರಿಗೂ ಸ್ವಚ್ಛ ದನಿ ತಡಿಯಂಗಿಲ್ಲ ಈಗ.” ಮೊದಲ ಸಲ ಅವರ ದನಿಯಲ್ಲಿ ಸಿಡಿಮಿಡಿ ಕಂಡೆ.

ಗುಟ್ಟು ಹೊರಬಿದ್ದದ್ದು ಒಂದು ಮಧ್ಯಾಹ್ನ. ಭಾಯ್ ತಾವೇ ಮಾಡಿಕೊಂಡ ಒಂದು ಡಬ್ಬಿ ಇತ್ತು. ಅದರ ಗುಂಡಿ ತಿರುವಿದರೆ ದುಂಬಿಯ ಗುಂಯ್‌ಗುಡುವಿಕೆಯಿಂದ ಸೊಳ್ಳೆಯ ಸಣ್ಣ ದನಿಯ ತನಕ ಎಲ್ಲ ಸ್ವರ ಹೊರಡುತ್ತಿತ್ತು. ಕ್ರಾಸ್‌ಓವರ್ ದಾರಿ ಸರಿಯಾಗಿ ಬಿಡುತ್ತಿದೆಯೋ ಇಲ್ಲವೋ ಎಂದು ಅದರಿಂದ ನೋಡುತ್ತಿದ್ದರು. ನಾನು ಡ್ಯೂಟಿ ಇಳಿದು ಅಂಗಡಿಯ ಹತ್ತಿರ ಬರುವಾಗಲೇ ತಲೆಯೊಳಗೆ ತೂತು ಕೊರೆಯುವಂಥ ಸಣ್ಣ ಸೀಟಿ ಕೇಳುತ್ತಿತ್ತು. ಒಳಗೆ ಭಾಯ್ ಬೆವರಿಳಿಸಿಕೊಂಡು ಕೂತಿದ್ದರು. ಎದುರಿಗೆ ಬಿಚ್ಚಿದ ಸಣ್ಣ ಸ್ಪೀಕರುಗಳ ರಾಶಿ.

“ಯಾವುದೂ ಬಾಯಿ ಬಿಡವಲ್ದು,” ಅಂದರು. “ಎಲ್ಲಾ ಸುಟ್ಟಾವು.”

ನಾನು ಉತ್ತರ ಕೊಡುವ ಮೊದಲೇ ಮುಂದಿನ ಬೀಜದಂಗಡಿಯ ಸಾಹುಕಾರರು, ಆಗಲೇ ಹೇಳಿದೆನಲ್ಲ, ಅವರೇ, ಹಣೆ ಒತ್ತಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. “ಭಾಯ್, ನಿಮಗ ಕೈ ಮುಗಿತೇನಿ, ಆ ಸೀಟಿ ಬಂದ್ ಮಾಡ್ರಿ. ಊಟದ ಹೊತ್ತಿನಿಂದ ತಲಿ ಸೀಳಾಕತ್ತೈತಿ.”

“ಯಾವ ಸೀಟಿ?” ಅಂದರು ಭಾಯ್.

ಸಾಹುಕಾರರು ನನ್ನ ಮುಖ ನೋಡಿದರು. ಭಾಯ್ ಕೂಡ ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, “ಕಂಡಕ್ಟರ್ರ, ನಿಮಗೂ ಕೇಳಾಕತ್ತೈತೇನು?”

“ಹೌದು ಭಾಯ್.”

ಅವರು ಸ್ವಿಚ್ಚು ಆರಿಸಿದರು. “ಈಗ?”

“ಈಗಿಲ್ಲ.”

ಮತ್ತೆ ಹಾಕಿದರು. “ಈಗ?”

“ಬಂತು.”

ಸಾಹುಕಾರರು ಹೊರಟುಹೋದರು. ಭಾಯ್ ಗುಂಡಿಯನ್ನು ಕೆಳಗೆ, ಕೆಳಗೆ ತಿರುವುತ್ತ ಬಂದರು. ಸೀಟಿ ದಪ್ಪವಾಗುತ್ತ, ದಪ್ಪವಾಗುತ್ತ, ಹಾದಿಯಲ್ಲಿ ಹುಡುಗರು ಊದುವ ಪೀಪಿಯಷ್ಟು ಇಳಿದ ಮೇಲೆ ಅವರ ಕೈ ನಿಂತಿತು. “ಇಲ್ಲಿಗೆ ಬಂತು ನನಗ,” ಅಂದರು. ಗುಂಡಿ ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ಬಗ್ಗಿ ನೋಡಿದರು. ತಮ್ಮ ಕಿವಿಯಿಂದ ಏನೇನು ಹೋಗಿದೆ ಎಂಬುದು ಅವರಿಗೆ ಒಂದೇ ನೋಟದಲ್ಲಿ ತಿಳಿಯಿತು; ಬೇರೆಯವರಿಗಾದರೆ ಡಾಕ್ಟರು ಹೇಳಬೇಕು. ಸಣ್ಣ ಸ್ಪೀಕರಿನ ದನಿಯನ್ನು ತಮಗೆ ಕೇಳುವಷ್ಟು ಏರಿಸಿ ಏರಿಸಿ, ಊರವರ ಕಿವಿಗೆ ಸೂಜಿ ಕಳಿಸುತ್ತಿದ್ದವರು ತಾವೇ ಎಂಬುದೂ ತಿಳಿಯಿತು.

ಅಂಗಡಿ ಕೆಲವು ವಾರ ಮುಚ್ಚಿತ್ತು. ಮನೆಗೆ ಹೋಗಿ ನೋಡಿದೆ. ಭಾಯ್ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಭಾಭಿ, ಅವರ ಹೆಂಡತಿ, ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದರು. ಹಳೇ ಸೀರೆ, ಹಳೇ ಅಂಗಿಗಳ ತುಂಡು ಕೂಡಿಸಿ ಕೌದಿ ಹೊಲಿದು ಕೊಡುವುದು ಅವರ ಕೆಲಸ. ಹಾಡೆಂದರೆ ಅವರಿಗೆ ಅಷ್ಟಕ್ಕಷ್ಟೆ. ಗಂಡನ ಅಂಗಡಿಗೆ ಅವರು ಕಾಲಿಟ್ಟಿದ್ದನ್ನು ನಾನು ನೋಡಿರಲಿಲ್ಲ.

“ಎಷ್ಟು ದಿನ ಹಿಂಗ ಬೀಳತಾರಂತ ಕೇಳ್ರಿ ನೀವರ,” ಅಂದರು ನನಗೆ. ಆಮೇಲೆ ಸೂಜಿಯಿಂದ ಕಣ್ಣು ತೆಗೆಯದೆ, ಗಂಡನಿಗೆ ಕೇಳುವ ಹಾಗೆ ಗಟ್ಟಿಯಾಗಿ, “ನಂದು ಕಿವಿ ಐತಲ್ಲ. ಚಲೋನ ಐತಿ. ಓಣ್ಯಾಗ ಯಾರು ಏನು ಆಡಿದ್ರೂ ಕೇಳತೈತಿ,” ಅಂದರು.

ನಮ್ಮ ಕಡೆಗಿದ್ದ ಬೆನ್ನು ಸ್ವಲ್ಪ ಅಲುಗಿತು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಾರೆ.

ಭಾಭಿ ಕೌದಿ ಗಂಟು ಕಟ್ಟಿಕೊಂಡು ಅಂಗಡಿಗೆ ಬರತೊಡಗಿದರು. ಸ್ಪೀಕರಿಗೆ ಬೆನ್ನು ಮಾಡಿ ಕೂತು ಹೊಲಿಯುತ್ತಿದ್ದರು. ಮೊದಮೊದಲು ಭಾಯ್ ಕೇಳುವುದು ಅವರಿಗೆ ತಿಳಿಯುತ್ತಿರಲಿಲ್ಲ. “ತಾಳ ಮುಂದ ಬಂತೋ ಹಿಂದ ಹೋತೋ?” ಅಂದರೆ, “ಎಲ್ಲಿಗ್ರಿ ಹೋಗೂದು, ಅಲ್ಲೇ ಐತಲ್ಲ,” ಅನ್ನುತ್ತಿದ್ದರು. ಜಗಳವೂ ಆಗುತ್ತಿತ್ತು. ಕಡೆಗೆ ಅವರು ತಮ್ಮದೇ ಮಾತು ಕಂಡುಕೊಂಡರು. ಚುಚ್ಚುವ ಹಾಗಿದ್ದರೆ “ಖಾರ ಆತು,” ಮಂಕಾಗಿದ್ದರೆ “ಸಪ್ಪ ಐತಿ.” ಅದಾದ ಮೇಲೆ ಕೆಲಸ ಸಸೂತ್ರ ನಡೆಯಿತು. ಭಾಯ್ ರೆಸಿಸ್ಟರ್ ಬದಲಿಸುವುದು, ಭಾಭಿ ರುಚಿ ಹೇಳುವುದು. ವಕೀಲರ ಸ್ಪೀಕರು ಸರಿಹೋಯಿತು, ಬ್ಯಾಡಗಿಯವರದೂ ಸರಿಹೋಯಿತು.

ಅವರಿಬ್ಬರ ದೊಡ್ಡ ಕೆಲಸ ಅಂದರೆ ಹಾವೇರಿಯ ಹಳೇ ಥೇಟರಿನದು. ಭಾಯ್ ಹರೆಯದಲ್ಲಿ ಅಲ್ಲೇ ಪ್ರೊಜೆಕ್ಟರ್ ಕೋಣೆಯಲ್ಲಿ ದುಡಿದವರು. ಪರದೆಯ ಹಿಂದೆ ಆಳೆತ್ತರದ ಸ್ಪೀಕರು, ಅದರ ತಲೆಯ ಮೇಲೆ ತಗಡಿನ ಕಹಳೆ, ನಡುವೆ ಕ್ರಾಸ್‌ಓವರಿನ ಪೆಟ್ಟಿಗೆ. ನಟರ ಮಾತು ತಿಳಿಯುವುದಿಲ್ಲವೆಂದು ಜನ ಕೂಗಾಡುತ್ತಿದ್ದರು. ಮಾಲಕರು ಎಲ್ಲವನ್ನೂ ಗುಜರಿಗೆ ಹಾಕಿ ಹೊಸದು ತರುವ ಯೋಚನೆಯಲ್ಲಿದ್ದರು. “ಒಂದು ಸಲ ನೋಡತೇನಿ, ಆಮ್ಯಾಲೆ ಹಾಕ್ರಿ,” ಎಂದು ಭಾಯ್ ಅವರ ಮುಂದೆ ಕೈಕಟ್ಟಿ ನಿಂತರಂತೆ. ಅವರು ಯಾರ ಮುಂದೆಯೂ ಹಾಗೆ ನಿಂತವರಲ್ಲ.

ಆ ದಿನ ಬೆಳಿಗ್ಗೆ ನನಗೆ ರಜೆ. ಸಾಮಾನು ಹೊರಲು ನಾನೂ ಹೋದೆ. ಭಾಭಿ ಅಲ್ಲಿಯ ತನಕ ಸಿನಿಮಾ ಥೇಟರ್ ಒಳಗೆ ಹೋದವರಲ್ಲ. ತವರಲ್ಲೂ ಬಿಟ್ಟಿರಲಿಲ್ಲ, ಇಲ್ಲಿ ಪುರುಸೊತ್ತಿರಲಿಲ್ಲ. ಖಾಲಿ ಕುರ್ಚಿಗಳ ನಡುವೆ ಕೌದಿ ಹರಡಿಕೊಂಡು ಒಬ್ಬರೇ ಕೂತರು. ಭಾಯ್ ಪರದೆಯ ಹಿಂದೆ, ಅವರ ಜೊತೆ ನಾನು. ಅಲ್ಲಿಂದ ಅವರಿಗೆ ಭಾಭಿಯ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅದಕ್ಕೇ ಕೌದಿಯ ತುಂಡುಗಳನ್ನೇ ಬಳಸಿದರು: ಖಾರವಾದರೆ ಕೆಂಪು ಬಟ್ಟೆ ಎತ್ತುವುದು, ಸಪ್ಪೆಯಾದರೆ ಬಿಳಿ. ಸರಿಯಿದ್ದರೆ ಸುಮ್ಮನೆ ಹೊಲಿಯುತ್ತಿರುವುದು. ಪರದೆಯ ತುಂಬ ಸಣ್ಣ ತೂತುಗಳಿರುತ್ತವೆ. ಥೇಟರಿನಲ್ಲಿ ದೀಪ ಇದ್ದರೆ ಹಿಂದಿನಿಂದ ಎಲ್ಲ ಕಾಣುತ್ತದೆ.

ಮಾಲಕರು ಮಧ್ಯಾಹ್ನದ ಸಿನಿಮಾದ ಒಂದು ರೀಲು ಹಾಕಿಸಿದರು. ಬಿಳಿ ಬಟ್ಟೆ ಎದ್ದಿತು. ಭಾಯ್ ಬೆಸುಗೆ ಬಿಚ್ಚಿ ಬದಲಿಸಿದರು. ಮತ್ತೆ ಬಿಳಿ. ಆಮೇಲೆ ಕೆಂಪು. ಮತ್ತೆ ಕೆಂಪು. ಅದೇ ರೀಲು ತಿರುತಿರುಗಿ ಓಡುತ್ತಿತ್ತು. ಮಾಲಕರು ಎರಡು ಸಲ ಬಂದು ಗಡಿಯಾರ ನೋಡಿ ಹೋದರು. ಭಾಯ್ ಅವರ ಬೆನ್ನಿನ ಅಂಗಿ ತೊಯ್ದು ಅಂಟಿಕೊಂಡಿತ್ತು. “ಆಗಂಗಿಲ್ಲ ಅನಸತೈತಿ,” ಅಂದರು ನನಗೆ. ಕಡೆಯದೆಂದು ಒಂದು ಸುರುಳಿ ಬದಲಿಸಿ, ಸೋಲ್ಡರ್ ಕಡ್ಡಿ ಹಿಡಿದುಕೊಂಡೇ ಪರದೆಗೆ ಕಣ್ಣು ಹಚ್ಚಿ ನಿಂತರು.

ಭಾಭಿ ಕೆಂಪು ಎತ್ತಲಿಲ್ಲ, ಬಿಳಿ ಎತ್ತಲಿಲ್ಲ. ಹೊಲಿಯುತ್ತಲೂ ಇರಲಿಲ್ಲ. ಸೂಜಿ ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು.

“ಏನಾತು?” ಎಂದು ಕೂಗಿದರು ಭಾಯ್.

ಅವರು ಏನೋ ಅಂದರು. ಭಾಯ್‌ಗೆ ತಿಳಿಯಲಿಲ್ಲ. ನನ್ನತ್ತ ತಿರುಗಿದರು.

“ಸುಮ್ಕ ಇರ್ರಿ ಅಂತಾರ,” ಎಂದೆ. “ಆ ಹುಡುಗಿ ಏನೋ ಹೇಳಾಕತ್ತಾಳಂತ, ಕೇಳಬೇಕಂತ.”

ಭಾಯ್ ಕಡ್ಡಿಯನ್ನು ಕೆಳಗಿಟ್ಟರು. “ಹಂಗಾರ ಆತು,” ಅಂದರು. ಅಲ್ಲೇ ಧೂಳಿನ ಮೇಲೆ ಕೂತು, ತಲೆಯ ಮೇಲಿನ ಕಹಳೆಯಿಂದ ಬರುತ್ತಿದ್ದ, ತಮಗೆ ಅರ್ಧವೂ ದಕ್ಕದ ಆ ಮಾತನ್ನು ರೀಲು ಮುಗಿಯುವ ತನಕ ಕೇಳಿದರು. ಹೊರಗೆ ಬಂದ ಮೇಲೆ ಭಾಭಿ ಕೇಳಿದ್ದು ಒಂದೇ: “ಆ ಹುಡುಗಿಗೆ ಮುಂದೇನಾತು?” ಮಾಲಕರು ನಕ್ಕು ಮೂವರನ್ನೂ ಬಾಲ್ಕನಿಯಲ್ಲಿ ಕೂಡ್ರಿಸಿ ಇಡೀ ಸಿನಿಮಾ ತೋರಿಸಿದರು. ಭಾಯ್ ನಡುವೆ ನಿದ್ದೆ ಹೋದರು.

ಆ ಸ್ಪೀಕರು ಮುಂದೆ ಒಂದಷ್ಟು ವರ್ಷ ನಡೆಯಿತು. ಆಮೇಲೆ ಥೇಟರೇ ಮುಚ್ಚಿ ಗೋದಾಮಾಯಿತು. ಭಾಯ್ ಅವರ ಕಿವಿ ಮೇಲಿನ ಸ್ವರಗಳನ್ನು ಬಿಟ್ಟದ್ದು, ಮೆಲ್ಲಗೆ ನಡುವಿನವನ್ನೂ ಬಿಡುತ್ತ ಬಂತು. ಅಂಗಡಿಯ ಬಾಡಿಗೆ ಬಿಟ್ಟುಕೊಟ್ಟು ಸಾಮಾನನ್ನು ಮನೆಯ ಪಡಸಾಲೆಗೆ ತಂದರು. ನನಗೆ ಹಾವೇರಿಗೆ ವರ್ಗವಾಗುವ ಮುಂಚೆ ಹೋದಾಗ ಹೆಚ್ಚು ಮಾತಾಡಲಿಲ್ಲ. “ನಿಮ್ಮ ದನಿ ದಪ್ಪ ಐತಿ, ನಿಮ್ಮದಿನ್ನೂ ಕೇಳತೈತಿ. ಏನರ ಹೇಳ್ರಿ,” ಅಂದರು. ಏನು ಹೇಳಲಿ? ಡಿಪೋದ ಸುದ್ದಿ, ಹೊಸರಿತ್ತಿ ದಾರಿಯ ತಗ್ಗುಗಳ ಸುದ್ದಿ ಹೇಳಿದೆ. ಗಮನವಿಟ್ಟು ಕೇಳಿದರು.

ಸಾವಿನ ಸುದ್ದಿ ತಿಳಿದ ವಾರವೇ ರಾಣೆಬೆನ್ನೂರಿಗೆ ಹೋದೆ. ಗಂಡ ತೀರಿದ ಮೇಲೆ ಅವರಲ್ಲಿ ಹೆಂಗಸರು ನಾಲ್ಕು ತಿಂಗಳು ಹತ್ತು ದಿನ ಹೊರಗಿನವರ ಎದುರು ಬರುವುದಿಲ್ಲ; ಆ ಅವಧಿ ಆಗಷ್ಟೇ ಮುಗಿದಿತ್ತು. ಭಾಭಿ ಬಾಗಿಲ ಪಕ್ಕ ಕೂತರು, ನಾನು ಕಟ್ಟೆಯ ಮೇಲೆ. ಕಡೆಗಾಲದ ಮಾತು ಕೇಳಿದೆ. ಹೇಳಿದರು. ಹೆಚ್ಚು ನರಳಲಿಲ್ಲವಂತೆ. ತಮ್ಮ ಅಣ್ಣನ ಮನೆಯವರು ಮುಂದಿನ ಖೋಲಿಗೆ ಬಂದು ಇದ್ದಾರಂತೆ.

ಅಷ್ಟರಲ್ಲಿ ಟಾಂಗಾದಿಂದ ಒಬ್ಬ ಮುದುಕರು ಇಳಿದರು. ಗಳಗನಾಥದ ಕಡೆಯವರು. ಸ್ಪೀಕರೊಂದನ್ನು ಎದೆಗವಚಿಕೊಂಡು ಬಂದು, ಭಾಯ್ ಅದಾರೇನು ಅಂದರು. ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಭಾಭಿ, “ಒಳಗ ತರ್ರಿ,” ಅಂದರು. ಪಡಸಾಲೆಯ ಮೂಲೆಯಲ್ಲಿದ್ದ ಯಂತ್ರಕ್ಕೆ ತಾವೇ ತಂತಿ ಜೋಡಿಸಿದರು, ರಿಕಾರ್ಡ್ ಇಟ್ಟರು. ಹಾಡು ಬಂತು. ತಲೆ ಬಗ್ಗಿಸಿ ಪೂರ್ತಿ ಕೇಳಿದರು. ಆ ಮುದುಕರು ಅವರ ಮುಖವನ್ನೇ ನೋಡುತ್ತಿದ್ದರು.

“ಏನೂ ಆಗಿಲ್ಲರಿ ಇದಕ್ಕ,” ಅಂದರು ಭಾಭಿ. “ಚಲೋ ಐತಿ. ನಿಶ್ಚಿಂತಿಲೆ ಒಯ್ರಿ, ದಿನಾ ಕೇಳ್ರಿ.”

ಮುದುಕರ ಮುಖ ಅರಳಿತು. “ನನಗ ಮಂಕ ಕೇಳತಿತ್ರಿ. ನನ್ನ ಕಿವೀನ ಹೋಗ್ಯಾವೇನೋ ಮತ್ತ,” ಎಂದು ನಕ್ಕು, ಭಾಯ್‌ಗೆ ಸಲಾಂ ಹೇಳ್ರಿ ಎಂದು ಹೇಳಿ, ಸ್ಪೀಕರ್ ಎತ್ತಿಕೊಂಡು ಹೋದರು. ಟಾಂಗಾ ಓಣಿ ದಾಟುವ ತನಕ ನಾನು ಕಾದೆ.

“ಖರೇನ ಚಲೋ ಇತ್ತೇನು ಭಾಭಿ?”

“ಇಲ್ಲ,” ಅಂದರು ಅವರು, ತಂತಿ ಬಿಚ್ಚಿ ಸುತ್ತಿಡುತ್ತ. “ಪೂರಾ ಕೆಟ್ಟಿತ್ತು. ಕೆಟ್ಟೈತಿ ಅಂದ್ರ ಆ ಮುದುಕ ಅದನ್ನ ಇನ್ನೆಲ್ಲಿ ಒಯ್ಯಬೇಕ್ರಿ?”